ಕೆ. ವೆಂಕಟರಾಮನ್

ಕೃಷ್ಣಸ್ವಾಮಿ ವೆಂಕಟರಾಮನ್ (7 ಜೂನ್ 1901 – 12 ಮೇ 1981) ಭಾರತದ ಸಾವಯವ ರಸಾಯನಶಾಸ್ತ್ರಜ್ಞರು. ಸಸ್ಯಗಳಲ್ಲಿ ದೊರೆಯುವ ಫ್ಲೇವೋನ್ ಎಂಬ ವರ್ಗದ ಸಂಯುಕ್ತಗಳನ್ನು ಪ್ರಯೋಗಾಲಯದಲ್ಲಿ ತಯಾರಿಸಲು ನೆರವಾಗುವ ಬೇಕರ್–ವೆಂಕಟರಾಮನ್ ಪುನರ್ವಿನ್ಯಾಸ ಎಂಬ ರಾಸಾಯನಿಕ ಕ್ರಿಯೆಯಲ್ಲಿ ಇವರ ಹೆಸರು ಸೇರಿದೆ. ಕೃತಕ ವರ್ಣದ್ರವ್ಯಗಳ ರಸಾಯನಶಾಸ್ತ್ರದಲ್ಲಿಯೂ ಇವರು ಅಂತರರಾಷ್ಟ್ರೀಯ ಮನ್ನಣೆ ಪಡೆದಿದ್ದರು. ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗದ ಮೊದಲ ಭಾರತೀಯ ನಿರ್ದೇಶಕರಾಗಿಯೂ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ಭಾರತೀಯ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು. ಭಾರತ ಸರ್ಕಾರವು 1961ರಲ್ಲಿ ಇವರಿಗೆ ಪದ್ಮಭೂಷಣ ಪ್ರಶಸ್ತಿ ನೀಡಿ ಗೌರವಿಸಿತು.

ಆರಂಭಿಕ ಜೀವನ ಮತ್ತು ಶಿಕ್ಷಣ

ವೆಂಕಟರಾಮನ್ ಅವರು 1901ರ ಜೂನ್ 7ರಂದು ಮದರಾಸಿನಲ್ಲಿ ಜನಿಸಿದರು. ಮದರಾಸು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಸ್ನಾತಕೋತ್ತರ ಅಧ್ಯಯನ ಪೂರೈಸಿದ ನಂತರ ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯವನ್ನು ಸೇರಿದರು. ಮ್ಯಾಂಚೆಸ್ಟರ್ ಆ ಕಾಲದಲ್ಲಿ ಹತ್ತಿ ಬಟ್ಟೆಯ ಉದ್ಯಮಕ್ಕೂ ಅದಕ್ಕೆ ಬೇಕಾದ ಬಣ್ಣಗಳ ಅಧ್ಯಯನಕ್ಕೂ ಹೆಸರಾದ ನಗರವಾಗಿತ್ತು. ಅಲ್ಲಿ ಅವರು ವರ್ಣದ್ರವ್ಯಗಳ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿ, ಬಳಿಕ ರಾಬರ್ಟ್ ರಾಬಿನ್ಸನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿ ಪಡೆದರು.

ರಾಬಿನ್ಸನ್ ಅವರು ಸಾವಯವ ಸಂಶ್ಲೇಷಣೆಯ ಪ್ರವರ್ತಕರಲ್ಲಿ ಒಬ್ಬರು. 1917ರಲ್ಲಿ ಟ್ರೋಪಿನೋನ್ ಎಂಬ ಸಂಕೀರ್ಣ ಅಣುವನ್ನು ಸರಳ ಪದಾರ್ಥಗಳಿಂದ ಒಂದೇ ಹಂತದಲ್ಲಿ ತಯಾರಿಸಿ ತೋರಿಸಿದ್ದ ಅವರಿಗೆ 1947ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಹೂವುಗಳ ಕೆಂಪು ಮತ್ತು ನೀಲಿ ಬಣ್ಣಗಳಿಗೆ ಕಾರಣವಾದ ಆಂಥೋಸಯನಿನ್‌ಗಳು ಹಾಗೂ ಅವುಗಳಿಗೆ ಹತ್ತಿರದ ಫ್ಲೇವೋನ್‌ಗಳು ರಾಬಿನ್ಸನ್ ಅವರ ಆಸಕ್ತಿಯ ವಿಷಯಗಳಾಗಿದ್ದವು. ಸಸ್ಯಬಣ್ಣಗಳ ಕುರಿತ ಈ ಆಸಕ್ತಿ ವೆಂಕಟರಾಮನ್ ಅವರಲ್ಲಿ ಜೀವನದುದ್ದಕ್ಕೂ ಉಳಿಯಿತು. ಫ್ಲೇವನಾಯ್ಡ್‌ಗಳ ಅಧ್ಯಯನದಲ್ಲಿ ಹೆಸರು ಮಾಡಿದ ಟಿ. ಆರ್. ಶೇಷಾದ್ರಿ ಅವರೂ ರಾಬಿನ್ಸನ್ ಅವರ ಭಾರತೀಯ ಶಿಷ್ಯರಾಗಿದ್ದರು.

ಬೆಂಗಳೂರು ಮತ್ತು ಲಾಹೋರ್

1920ರ ದಶಕದ ಕೊನೆಯ ಭಾಗದಲ್ಲಿ ಭಾರತಕ್ಕೆ ಮರಳಿದ ವೆಂಕಟರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧಕರಾಗಿ ಅಲ್ಪಕಾಲ ಕೆಲಸ ಮಾಡಿದರು. ಮಾರ್ಟಿನ್ ಫೋರ್ಸ್ಟರ್ ಅವರು ಆಗ ಸಂಸ್ಥೆಯ ನಿರ್ದೇಶಕರಾಗಿದ್ದರು. ಬೆಂಗಳೂರಿನಿಂದ ಅವರು ಲಾಹೋರಿನ ಫಾರ್ಮನ್ ಕ್ರಿಶ್ಚಿಯನ್ ಕಾಲೇಜಿಗೆ ಹೋಗಿ 1934ರವರೆಗೆ ಅಲ್ಲಿ ಅಧ್ಯಾಪಕರಾಗಿದ್ದರು. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಅವರು ಪ್ರಾಧ್ಯಾಪಕರಾಗಿದ್ದುದರಿಂದ ಆ ನಗರವು ರಸಾಯನಶಾಸ್ತ್ರದ ಸಂಶೋಧನೆಗೆ ಒಂದು ಕೇಂದ್ರವಾಗಿ ಬೆಳೆಯುತ್ತಿತ್ತು.

ವೆಂಕಟರಾಮನ್ ಅವರಿಗೆ ಶಾಶ್ವತ ಹೆಸರು ತಂದುಕೊಟ್ಟ ಕೆಲಸ ನಡೆದದ್ದು ಲಾಹೋರಿನಲ್ಲಿ. ಎಚ್. ಎಸ್. ಮಹಲ್, ಪಿ. ಸಿ. ಜೋಶಿ ಮುಂತಾದ ಸಹಸಂಶೋಧಕರೊಂದಿಗೆ ಅವರು ಕ್ರೋಮೋನ್ ಮತ್ತು ಫ್ಲೇವೋನ್ ವರ್ಗದ ಸಂಯುಕ್ತಗಳ ಸಂಶ್ಲೇಷಣೆಯನ್ನು ಕುರಿತು ಸರಣಿ ಲೇಖನಗಳನ್ನು ಪ್ರಕಟಿಸಿದರು.

ಫ್ಲೇವೋನ್‌ಗಳು: ಹಿನ್ನೆಲೆ

ಫ್ಲೇವೋನ್ ಅಣುವಿನ ಮೂಲ ಚೌಕಟ್ಟಿನಲ್ಲಿ 15 ಇಂಗಾಲದ ಪರಮಾಣುಗಳಿವೆ. ಎರಡು ಬೆಂಜೀನ್ ಉಂಗುರಗಳ ನಡುವೆ ಮೂರು ಇಂಗಾಲಗಳ ಸೇತುವೆಯಿದ್ದು, ಆ ಸೇತುವೆಯು ಒಂದು ಆಮ್ಲಜನಕದ ಪರಮಾಣುವಿನ ಮೂಲಕ ಮುಚ್ಚಿಕೊಂಡು ಮೂರನೆಯ ಉಂಗುರವಾಗುತ್ತದೆ. ಈ ಚೌಕಟ್ಟಿನ ಮೇಲೆ ಹೈಡ್ರಾಕ್ಸಿಲ್ ಗುಂಪುಗಳು ಬೇರೆ ಬೇರೆ ಸ್ಥಾನಗಳಲ್ಲಿ ಸೇರಿ ನೂರಾರು ನಿಸರ್ಗಜನ್ಯ ಸಂಯುಕ್ತಗಳು ಉಂಟಾಗುತ್ತವೆ. ಈರುಳ್ಳಿಯ ಹೊರಸಿಪ್ಪೆಯಲ್ಲಿರುವ ಕ್ವೆರ್ಸೆಟಿನ್ ಮತ್ತು ಹಲಸಿನ ಮರದ ತಿರುಳಿನಲ್ಲಿರುವ ಮೋರಿನ್ ಇದೇ ಕುಟುಂಬಕ್ಕೆ ಸೇರಿದವು. ಕೃತಕ ಬಣ್ಣಗಳು ಬರುವ ಮುನ್ನ ಬಟ್ಟೆಗೆ ಹಳದಿ ಬಣ್ಣ ಹಾಕಲು ಬಳಸುತ್ತಿದ್ದ ಅನೇಕ ಸಸ್ಯದ್ರವ್ಯಗಳಲ್ಲಿ ಬಣ್ಣ ಕೊಡುತ್ತಿದ್ದ ಅಂಶ ಇಂತಹ ಸಂಯುಕ್ತಗಳೇ.

ಸಸ್ಯದಿಂದ ಬೇರ್ಪಡಿಸಿದ ವಸ್ತುವಿನ ರಚನೆಯನ್ನು ತಿಳಿಯಲು ಆ ಕಾಲದಲ್ಲಿ ಇಂದಿನಂತಹ ಉಪಕರಣಗಳು ಇರಲಿಲ್ಲ. ಅಣುವನ್ನು ಒಡೆದು, ದೊರೆತ ತುಣುಕುಗಳನ್ನು ಗುರುತಿಸಿ ರಚನೆಯನ್ನು ಊಹಿಸಬೇಕಾಗಿತ್ತು. ಊಹಿಸಿದ ರಚನೆಯನ್ನೇ ಪ್ರಯೋಗಾಲಯದಲ್ಲಿ ಕಟ್ಟಿ, ಅದು ಸಸ್ಯದಿಂದ ಬಂದ ವಸ್ತುವಿನೊಂದಿಗೆ ಎಲ್ಲ ಗುಣಗಳಲ್ಲೂ ಹೊಂದಿದರೆ ಮಾತ್ರ ಊಹೆ ಸರಿಯೆಂದು ಒಪ್ಪಲಾಗುತ್ತಿತ್ತು. ಆದ್ದರಿಂದ ಸಂಶ್ಲೇಷಣೆಗೆ ನಂಬಲರ್ಹವಾದ ಕ್ರಿಯೆಗಳು ಇಲ್ಲದಿದ್ದರೆ ರಚನೆಯ ನಿರ್ಣಯವೂ ಅಪೂರ್ಣವಾಗಿ ಉಳಿಯುತ್ತಿತ್ತು.

ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸ್ಟಾನಿಸ್ಲಾವ್ ಕೊಸ್ಟನೆಕಿ ಅವರು ಫ್ಲೇವೋನ್‌ಗಳ ಸಂಶ್ಲೇಷಣೆಗೆ ಅಡಿಪಾಯ ಹಾಕಿದ್ದರು. 1924ರಲ್ಲಿ ಅಲನ್ ಮತ್ತು ರಾಬಿನ್ಸನ್ ಅವರು ಇನ್ನೊಂದು ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಕೀಟೋನನ್ನು ಆಮ್ಲದ ಅನ್‌ಹೈಡ್ರೈಡ್ ಮತ್ತು ಅದೇ ಆಮ್ಲದ ಲವಣದೊಂದಿಗೆ ಹೆಚ್ಚಿನ ಉಷ್ಣತೆಯಲ್ಲಿ ಕಾಯಿಸಬೇಕಾಗಿತ್ತು. ಈ ವಿಧಾನವು ಉಪಯುಕ್ತವಾಗಿದ್ದರೂ ಬಿಸಿಯಾದ ಆ ಮಿಶ್ರಣದೊಳಗೆ ಯಾವ ಹಂತಗಳು ನಡೆಯುತ್ತವೆ ಎಂಬುದು ಸ್ಪಷ್ಟವಾಗಿರಲಿಲ್ಲ.

ಬೇಕರ್–ವೆಂಕಟರಾಮನ್ ಪುನರ್ವಿನ್ಯಾಸ

1933ರಲ್ಲಿ ಮಹಲ್ ಮತ್ತು ವೆಂಕಟರಾಮನ್ ಅವರು ಕೊಠಡಿಯ ಉಷ್ಣತೆಯಲ್ಲೇ ಫ್ಲೇವೋನ್ ತಯಾರಿಸುವ ವಿಧಾನವನ್ನು ವಿವರಿಸುವ ಕಿರುಲೇಖನವನ್ನು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಪತ್ರಿಕೆಯು ಅದರ ಹಿಂದಿನ ವರ್ಷವಷ್ಟೇ, ಅಂದರೆ 1932ರಲ್ಲಿ, ಬೆಂಗಳೂರಿನಿಂದ ಪ್ರಕಟವಾಗತೊಡಗಿತ್ತು. ವಿವರವಾದ ಲೇಖನಗಳು ಮುಂದೆ ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದವು.

ಅದೇ 1933ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ವಿಲ್ಸನ್ ಬೇಕರ್ (1900–2002) ಅವರು ಸ್ವತಂತ್ರವಾಗಿ ಇದೇ ಕ್ರಿಯೆಯನ್ನು ಗುರುತಿಸಿ ಪ್ರಕಟಿಸಿದರು. ಇಬ್ಬರೂ ಒಂದೇ ಸ್ಥಳವನ್ನು ತಲುಪಿದ ದಾರಿಗಳು ಬೇರೆಯಾಗಿದ್ದವು. ಹಳೆಯ ವಿಧಾನದಲ್ಲಿ ಉಪಉತ್ಪನ್ನಗಳಾಗಿ ಕಾಣಿಸಿಕೊಳ್ಳುತ್ತಿದ್ದ ಕೆಲವು ಕ್ರೋಮೋನ್‌ಗಳು ಹೇಗೆ ಉಂಟಾಗುತ್ತವೆ ಎಂಬ ಪ್ರಶ್ನೆಯಿಂದ ಬೇಕರ್ ಹೊರಟಿದ್ದರು. ಲಾಹೋರಿನ ತಂಡದ ಗುರಿ ಫ್ಲೇವೋನ್‌ಗಳನ್ನು ಸೌಮ್ಯ ಪರಿಸ್ಥಿತಿಯಲ್ಲಿ ತಯಾರಿಸುವುದಾಗಿತ್ತು. ಬೇಕರ್ ಅವರು ಪೊಟ್ಯಾಸಿಯಂ ಕಾರ್ಬೊನೇಟನ್ನು ಬಳಸಿದರೆ ಲಾಹೋರಿನ ತಂಡವು ಸೋಡಮೈಡ್ ಎಂಬ ಪ್ರಬಲ ಪ್ರತ್ಯಾಮ್ಲವನ್ನು ಬಳಸಿತು. ಈ ಕಾರಣದಿಂದ ಕ್ರಿಯೆಗೆ ಇಬ್ಬರ ಹೆಸರೂ ಸೇರಿದೆ. ಮೊದಲ ಲೇಖನದ ಸಹಲೇಖಕರಾದ ಮಹಲ್ ಅವರ ಹೆಸರು ಕ್ರಿಯೆಯ ಹೆಸರಿನಲ್ಲಿ ಸೇರಲಿಲ್ಲ.

ಕ್ರಿಯೆಯ ಹಂತಗಳು

ಕ್ರಿಯೆಗೆ ಬೇಕಾದ ಆರಂಭಿಕ ವಸ್ತು ಆರ್ಥೋ-ಹೈಡ್ರಾಕ್ಸಿ ಅಸಿಟೋಫೀನೋನ್. ಇದರ ಬೆಂಜೀನ್ ಉಂಗುರದ ಮೇಲೆ ಒಂದು ಹೈಡ್ರಾಕ್ಸಿಲ್ ಗುಂಪು ಮತ್ತು ಒಂದು ಅಸಿಟೈಲ್ ಗುಂಪು ಅಕ್ಕಪಕ್ಕದಲ್ಲಿರುತ್ತವೆ. ಈ ನೆರೆಹೊರೆಯ ಸ್ಥಾನವೇ ಕ್ರಿಯೆಗೆ ಆಧಾರ.

ಮೊದಲ ಹಂತದಲ್ಲಿ ಹೈಡ್ರಾಕ್ಸಿಲ್ ಗುಂಪನ್ನು ಬೆಂಜೋಯಿಲ್ ಕ್ಲೋರೈಡಿನಂತಹ ವಸ್ತುವಿನೊಂದಿಗೆ ವರ್ತಿಸುವಂತೆ ಮಾಡಿ ಎಸ್ಟರನ್ನು ಪಡೆಯಲಾಗುತ್ತದೆ.

ಎರಡನೆಯ ಹಂತದಲ್ಲಿ ಎಸ್ಟರಿಗೆ ಪ್ರತ್ಯಾಮ್ಲವನ್ನು ಸೇರಿಸಲಾಗುತ್ತದೆ. ಪ್ರತ್ಯಾಮ್ಲವು ಅಸಿಟೈಲ್ ಗುಂಪಿನ ತುದಿಯ ಇಂಗಾಲದಿಂದ ಒಂದು ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ. ಋಣಾವೇಶ ಪಡೆದ ಆ ಇಂಗಾಲವು ಪಕ್ಕದಲ್ಲಿಯೇ ಇರುವ ಎಸ್ಟರಿನ ಕಾರ್ಬೊನಿಲ್ ಇಂಗಾಲದೊಂದಿಗೆ ಬಂಧ ಬೆಳೆಸುತ್ತದೆ. ಆಗ ಆಮ್ಲಜನಕದೊಂದಿಗಿನ ಹಳೆಯ ಬಂಧ ಕಡಿದು, ಬೆಂಜೋಯಿಲ್ ಗುಂಪು ಆಮ್ಲಜನಕದಿಂದ ಇಂಗಾಲಕ್ಕೆ ವರ್ಗವಾಗುತ್ತದೆ. ಅಣುವಿಗೆ ಹೊರಗಿನಿಂದ ಏನೂ ಸೇರದೆ ಅದರೊಳಗಿನ ಗುಂಪೇ ಸ್ಥಾನ ಬದಲಿಸುವುದರಿಂದ ಇದನ್ನು ಪುನರ್ವಿನ್ಯಾಸ ಎನ್ನಲಾಗುತ್ತದೆ. ದೊರೆಯುವ ಉತ್ಪನ್ನವು ಒಂದು ಇಂಗಾಲದ ಅಂತರದಲ್ಲಿ ಎರಡು ಕಾರ್ಬೊನಿಲ್ ಗುಂಪುಗಳಿರುವ ಡೈಕೀಟೋನ್.

ಮೂರನೆಯ ಹಂತದಲ್ಲಿ ಈ ಡೈಕೀಟೋನನ್ನು ಆಮ್ಲದೊಂದಿಗೆ ವರ್ತಿಸುವಂತೆ ಮಾಡಿದಾಗ, ಬಿಡುಗಡೆಗೊಂಡಿದ್ದ ಹೈಡ್ರಾಕ್ಸಿಲ್ ಗುಂಪು ದೂರದ ಕಾರ್ಬೊನಿಲ್ ಇಂಗಾಲದೊಂದಿಗೆ ಸೇರಿ ಉಂಗುರವನ್ನು ಮುಚ್ಚುತ್ತದೆ. ಒಂದು ನೀರಿನ ಅಣು ಹೊರಬಿದ್ದು ಫ್ಲೇವೋನ್ ಉಳಿಯುತ್ತದೆ.

ಈ ವಿಧಾನದ ಮುಖ್ಯ ಅನುಕೂಲವೆಂದರೆ ಪ್ರತಿ ಹಂತದ ಉತ್ಪನ್ನವನ್ನೂ ಬೇರ್ಪಡಿಸಿ ಪರೀಕ್ಷಿಸಬಹುದು. ಆರಂಭಿಕ ಕೀಟೋನನ್ನು ಬದಲಿಸಿದರೆ ಫ್ಲೇವೋನಿನ ಒಂದು ಬದಿಯೂ, ಆಮ್ಲದ ಕ್ಲೋರೈಡನ್ನು ಬದಲಿಸಿದರೆ ಇನ್ನೊಂದು ಬದಿಯೂ ಬದಲಾಗುವುದರಿಂದ ಬೇಕಾದ ರಚನೆಯ ಅಣುವನ್ನು ಯೋಜಿಸಿ ಕಟ್ಟಬಹುದು. ಆದರೆ ಮಿತಿಗಳೂ ಇವೆ. ಪ್ರಬಲ ಪ್ರತ್ಯಾಮ್ಲವನ್ನು ತಾಳಲಾರದ ಗುಂಪುಗಳು ಅಣುವಿನಲ್ಲಿದ್ದರೆ ವಿಧಾನವು ಕಷ್ಟವಾಗುತ್ತದೆ. ಹೆಚ್ಚುವರಿ ಹೈಡ್ರಾಕ್ಸಿಲ್ ಗುಂಪುಗಳಿದ್ದರೆ ಅವುಗಳನ್ನು ಸಾಮಾನ್ಯವಾಗಿ ಮೊದಲು ಮುಚ್ಚಿಟ್ಟು ಕೊನೆಯಲ್ಲಿ ಬಿಡಿಸಬೇಕಾಗುತ್ತದೆ.

ಇತರ ಸಂಶ್ಲೇಷಣಾ ವಿಧಾನಗಳು

ಫ್ಲೇವೋನ್‌ಗಳ ಹತ್ತಿರದ ಸಂಬಂಧಿಗಳಾದ ಐಸೋಫ್ಲೇವೋನ್‌ಗಳಲ್ಲಿ ಒಂದು ಬೆಂಜೀನ್ ಉಂಗುರವು ಪಕ್ಕದ ಇಂಗಾಲಕ್ಕೆ ಅಂಟಿಕೊಂಡಿರುತ್ತದೆ. ಸೋಯಾ ಅವರೆಯಲ್ಲಿ ಇಂತಹ ಸಂಯುಕ್ತಗಳಿವೆ. ಡಿಆಕ್ಸಿಬೆಂಜೋಯಿನ್ ಎಂಬ ಕೀಟೋನನ್ನು ಸೋಡಿಯಂ ಲೋಹದ ಸಮ್ಮುಖದಲ್ಲಿ ಈಥೈಲ್ ಫಾರ್ಮೇಟಿನೊಂದಿಗೆ ವರ್ತಿಸುವಂತೆ ಮಾಡಿ ಐಸೋಫ್ಲೇವೋನನ್ನು ಪಡೆಯುವ ವಿಧಾನವನ್ನು ಜೋಶಿ ಮತ್ತು ವೆಂಕಟರಾಮನ್ ಅವರು 1934ರಲ್ಲಿ ಪ್ರಕಟಿಸಿದರು. ಕೊರತೆಯಿದ್ದ ಒಂದೇ ಒಂದು ಇಂಗಾಲವನ್ನು ಈಥೈಲ್ ಫಾರ್ಮೇಟ್ ಒದಗಿಸುತ್ತದೆ. ಚಾಲ್ಕೋನ್‌ಗಳನ್ನು ಸೆಲೆನಿಯಂ ಡೈಆಕ್ಸೈಡಿನಿಂದ ಉತ್ಕರ್ಷಿಸಿ ಫ್ಲೇವೋನ್‌ಗಳನ್ನಾಗಿ ಪರಿವರ್ತಿಸುವ ವಿಧಾನವೂ ಇದೇ ಅವಧಿಯಲ್ಲಿ ಅವರ ತಂಡದಿಂದ ಬಂದಿತು.

ಮುಂಬಯಿ: ವರ್ಣದ್ರವ್ಯಗಳ ಅಧ್ಯಯನ

ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವು 1933ರ ಅಕ್ಟೋಬರ್ 1ರಂದು ಆರಂಭವಾಯಿತು. ಇದೇ ಇಂದಿನ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. ಬಟ್ಟೆ ಗಿರಣಿಗಳಿಗೆ ತರಬೇತಿ ಪಡೆದ ರಸಾಯನಶಾಸ್ತ್ರಜ್ಞರನ್ನು ಒದಗಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ವೆಂಕಟರಾಮನ್ ಅವರು 1934ರಲ್ಲಿ ಈ ವಿಭಾಗವನ್ನು ಸೇರಿದರು. ವಿಭಾಗದ ಮೊದಲ ಮುಖ್ಯಸ್ಥರಾಗಿದ್ದ ರಾಬರ್ಟ್ ಬೆರೆಸ್ಫರ್ಡ್ ಫೋರ್ಸ್ಟರ್ ಅವರ ನಂತರ 1938ರಲ್ಲಿ ಅದರ ಹೊಣೆ ಇವರಿಗೆ ಬಂದಿತು. ಇವರು ಬೆಂಗಳೂರಿನ ಸಂಸ್ಥೆಯ ನಿರ್ದೇಶಕರಾಗಿದ್ದ ಫೋರ್ಸ್ಟರ್ ಅವರಲ್ಲ. 1957ರವರೆಗೆ ವೆಂಕಟರಾಮನ್ ಈ ಹುದ್ದೆಯಲ್ಲಿದ್ದರು.

ಹತ್ತಿ ಬೆಳೆಯುವ ಮತ್ತು ನೇಯುವ ದೇಶವಾಗಿದ್ದರೂ ಭಾರತವು ಆಗ ಬಣ್ಣಗಳಿಗಾಗಿ ಬಹುಮಟ್ಟಿಗೆ ವಿದೇಶಗಳನ್ನು, ಮುಖ್ಯವಾಗಿ ಜರ್ಮನಿಯನ್ನು, ಅವಲಂಬಿಸಿತ್ತು. 1856ರಲ್ಲಿ ವಿಲಿಯಂ ಪರ್ಕಿನ್ ಅವರು ಮೊದಲ ಕೃತಕ ಬಣ್ಣವನ್ನು ಕಂಡುಹಿಡಿದ ನಂತರದ ಐದು ದಶಕಗಳಲ್ಲಿ ಮಂಜಿಷ್ಠ ಮತ್ತು ನೀಲಿಯಂತಹ ಸಸ್ಯಬಣ್ಣಗಳ ಸ್ಥಾನವನ್ನು ಕಾರ್ಖಾನೆಯ ಬಣ್ಣಗಳು ಆಕ್ರಮಿಸಿದ್ದವು. ಆ ಬಣ್ಣಗಳ ತಯಾರಿಕೆಯ ವಿವರಗಳು ಪೇಟೆಂಟುಗಳಲ್ಲಿ ಮತ್ತು ವಿದೇಶಿ ಕಂಪನಿಗಳಲ್ಲಿ ಹುದುಗಿದ್ದವು. ಎರಡನೆಯ ಮಹಾಯುದ್ಧವು ಜರ್ಮನಿಯಿಂದ ಬರುವ ಸರಕನ್ನು ನಿಲ್ಲಿಸಿದಾಗ ಈ ಪರಾವಲಂಬನೆಯ ಪರಿಣಾಮ ಸ್ಪಷ್ಟವಾಯಿತು.

ಈ ಹಿನ್ನೆಲೆಯಲ್ಲಿ ವೆಂಕಟರಾಮನ್ ಅವರು ಹತ್ತಿಯ ನಾರಿನ ಮೇಲೆಯೇ ಬಣ್ಣವನ್ನು ರೂಪಿಸುವ ನ್ಯಾಫ್ತಾಲ್ ವರ್ಗದ ಆಜೋ ಬಣ್ಣಗಳು, ತೊಳೆತ ಮತ್ತು ಬಿಸಿಲನ್ನು ತಾಳುವ ವ್ಯಾಟ್ ಬಣ್ಣಗಳು ಮುಂತಾದವುಗಳ ರಚನೆಯನ್ನು ಅಧ್ಯಯನ ಮಾಡಿದರು. ಅಣುವಿನ ರಚನೆಗೂ ಅದು ಹತ್ತಿಯ ನಾರಿಗೆ ಅಂಟಿಕೊಳ್ಳುವ ಶಕ್ತಿಗೂ ಇರುವ ಸಂಬಂಧ ಅವರ ಸಂಶೋಧನೆಯ ಒಂದು ಮುಖ್ಯ ಪ್ರಶ್ನೆಯಾಗಿತ್ತು. ಸ್ವಾತಂತ್ರ್ಯದ ನಂತರ ಗುಜರಾತಿನ ಅತುಲ್ ಮುಂತಾದ ಕಡೆಗಳಲ್ಲಿ ದೇಶೀಯ ಬಣ್ಣದ ಉದ್ಯಮವು ಬೆಳೆದಾಗ ಅದಕ್ಕೆ ಬೇಕಾದ ತಜ್ಞರನ್ನು ಸಿದ್ಧಪಡಿಸಿದ ಸಂಸ್ಥೆಗಳಲ್ಲಿ ಈ ವಿಭಾಗವು ಪ್ರಮುಖವಾಗಿತ್ತು.

ಗ್ರಂಥರಚನೆ

ಕೃತಕ ವರ್ಣದ್ರವ್ಯಗಳ ರಸಾಯನಶಾಸ್ತ್ರವನ್ನು ಕುರಿತ ವೆಂಕಟರಾಮನ್ ಅವರ ಇಂಗ್ಲಿಷ್ ಗ್ರಂಥ ದಿ ಕೆಮಿಸ್ಟ್ರಿ ಆಫ್ ಸಿಂಥೆಟಿಕ್ ಡೈಸ್ 1952ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಚದುರಿಹೋಗಿದ್ದ ಪೇಟೆಂಟು ಮತ್ತು ವರದಿಗಳ ಮಾಹಿತಿಯನ್ನು ರಚನೆಗಳ ಆಧಾರದ ಮೇಲೆ ವರ್ಗೀಕರಿಸಿ ಒಂದೆಡೆ ತಂದ ಈ ಕೃತಿಯು ಬಣ್ಣದ ಉದ್ಯಮದಲ್ಲಿ ಪ್ರಮಾಣಗ್ರಂಥವಾಯಿತು. 1950ರ ದಶಕದಲ್ಲಿ ಅದರ ರಷ್ಯನ್ ಅನುವಾದವೂ ಬಂದಿತು. 1970ರಿಂದ ಮುಂದಿನ ಸಂಪುಟಗಳನ್ನು ವಿವಿಧ ದೇಶಗಳ ತಜ್ಞರಿಂದ ಬರೆಯಿಸಿ ವೆಂಕಟರಾಮನ್ ಅವರು ಸಂಪಾದಿಸಿದರು. ಎಂಟನೆಯ ಸಂಪುಟ 1978ರಲ್ಲಿ ಹೊರಬಂದಿತು. ವರ್ಣದ್ರವ್ಯಗಳ ವಿಶ್ಲೇಷಣೆಯನ್ನು ಕುರಿತ ಇನ್ನೊಂದು ಗ್ರಂಥವನ್ನು 1977ರಲ್ಲಿ ಸಂಪಾದಿಸಿದರು.

ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವು 1950ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಅದರ ಮೊದಲ ಇಬ್ಬರು ನಿರ್ದೇಶಕರಾದ ಜೇಮ್ಸ್ ಮೆಕ್‌ಬೈನ್ ಮತ್ತು ಜಾರ್ಜ್ ಫಿಂಚ್ ವಿದೇಶಿಯರಾಗಿದ್ದರು. ಅವರ ನಂತರ 1957ರಲ್ಲಿ ವೆಂಕಟರಾಮನ್ ನಿರ್ದೇಶಕರಾಗಿ 1966ರವರೆಗೆ ಸೇವೆ ಸಲ್ಲಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟರ್ಪೀನ್‌ಗಳ ಬಗ್ಗೆ ಕೆಲಸ ಮಾಡಿದ್ದ ಸುಖ್ ದೇವ್ ಅವರು ಪುಣೆಗೆ ಬಂದದ್ದು ಇದೇ ಅವಧಿಯಲ್ಲಿ. ಬೆಂಗಳೂರಿನಲ್ಲಿ ಜನಿಸಿದ ರಾಸಾಯನಿಕ ಎಂಜಿನಿಯರ್ ಎಲ್. ಕೆ. ದೊರೈಸ್ವಾಮಿ ಅವರೂ ಆಗ ಅಲ್ಲಿ ವಿಜ್ಞಾನಿಯಾಗಿದ್ದು, ಮುಂದೆ ಅದೇ ಪ್ರಯೋಗಾಲಯದ ನಿರ್ದೇಶಕರಾದರು.

ಆಡಳಿತದ ಹೊಣೆಯ ನಡುವೆಯೂ ನಿವೃತ್ತಿಯ ನಂತರವೂ ವೆಂಕಟರಾಮನ್ ಅವರು ಸಸ್ಯಬಣ್ಣಗಳ ಸಂಶೋಧನೆಯನ್ನು ಮುಂದುವರಿಸಿದರು. ಹಲಸಿನ ಮರದ ತಿರುಳಿನಿಂದ ಆರ್ಟೋಕಾರ್ಪಿನ್ ಎಂಬ ಫ್ಲೇವೋನನ್ನು ಅವರ ತಂಡವು 1950ರ ದಶಕದಲ್ಲಿ ವರದಿ ಮಾಡಿತ್ತು. 1960ರ ದಶಕದಲ್ಲಿ ಅದೇ ಮರದ ಇತರ ಫ್ಲೇವೋನ್‌ಗಳನ್ನೂ, ಹಿಪ್ಪುನೇರಳೆಯ ತೊಗಟೆಯಲ್ಲಿರುವ ಮಲ್ಬೆರಿನ್ ಮುಂತಾದವುಗಳನ್ನೂ ಬೇರ್ಪಡಿಸಿ ರಚನೆಗಳನ್ನು ನಿರ್ಣಯಿಸಲಾಯಿತು. ಅರಗಿನ ಕೆಂಪು ಬಣ್ಣಕ್ಕೆ ಕಾರಣವಾದ ಲ್ಯಾಕೈಕ್ ಆಮ್ಲಗಳ ರಚನೆಯ ನಿರ್ಣಯದಲ್ಲಿಯೂ ಈ ತಂಡದ ಪಾತ್ರವಿದೆ.

ಕರ್ನಾಟಕದೊಂದಿಗಿನ ನಂಟು

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿನ ಅಲ್ಪಕಾಲದ ಸಂಶೋಧನೆ ಮತ್ತು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿನ 1933ರ ಕಿರುಲೇಖನ ವೆಂಕಟರಾಮನ್ ಅವರಿಗೆ ಬೆಂಗಳೂರಿನೊಂದಿಗಿದ್ದ ನೇರ ಸಂಬಂಧಗಳು. ಅವರು ಮುಂಬಯಿಯಲ್ಲಿದ್ದ ಅವಧಿಯಲ್ಲಿ ಧಾರವಾಡ, ಬೆಳಗಾವಿ ಮತ್ತು ವಿಜಯಪುರ ಜಿಲ್ಲೆಗಳು ಮುಂಬಯಿ ಪ್ರಾಂತದ ಭಾಗವಾಗಿದ್ದವು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಧಾರವಾಡದ ಕರ್ನಾಟಕ ಕಾಲೇಜು ಮತ್ತು ಬೆಳಗಾವಿಯ ಲಿಂಗರಾಜ ಕಾಲೇಜು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದ್ದವು. ಹೀಗಾಗಿ ಹತ್ತಿ ಬೆಳೆಯುವ ಸವದತ್ತಿ, ಬೈಲಹೊಂಗಲ, ಮನೋಳಿ ಭಾಗದ ವಿದ್ಯಾರ್ಥಿಗಳಿಗೆ ಬಟ್ಟೆ ಮತ್ತು ಬಣ್ಣದ ರಸಾಯನಶಾಸ್ತ್ರದಲ್ಲಿ ಉನ್ನತ ಶಿಕ್ಷಣ ನೀಡುವ ವಿಭಾಗವು ತಮ್ಮದೇ ವಿಶ್ವವಿದ್ಯಾಲಯದಲ್ಲಿ, ಮುಂಬಯಿಯಲ್ಲಿ, ಇತ್ತು. ರಾಮದುರ್ಗ, ಸುರೇಬಾನ, ಇಳಕಲ್ ಮತ್ತು ಗುಳೇದಗುಡ್ಡದಂತಹ ನೇಕಾರಿಕೆಯ ಊರುಗಳಲ್ಲಿ ನೂಲಿಗೆ ಹಾಕುವ ಬಣ್ಣವು ಸಸ್ಯಮೂಲದಿಂದ ಕಾರ್ಖಾನೆಯ ಬಣ್ಣಕ್ಕೆ ಬದಲಾದದ್ದು ವೆಂಕಟರಾಮನ್ ಅವರು ಅಧ್ಯಯನ ಮಾಡಿದ ಇತಿಹಾಸದ ಭಾಗವೇ ಆಗಿದೆ.

ವೈಯಕ್ತಿಕ ಜೀವನ

ಆರ್ಥಿಕ ಇತಿಹಾಸಕಾರರಾದ ಧರ್ಮಾ ಕುಮಾರ್ (1928–2001) ಅವರು ವೆಂಕಟರಾಮನ್ ಅವರ ಮಗಳು. ಲಾಹೋರಿನಲ್ಲಿ ಜನಿಸಿದ ಅವರು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಬೋಧಿಸಿದರು. ದಕ್ಷಿಣ ಭಾರತದ ಭೂಮಿ ಮತ್ತು ಜಾತಿಯ ಸಂಬಂಧವನ್ನು ಕುರಿತ ಅವರ ಅಧ್ಯಯನ ಪ್ರಸಿದ್ಧವಾಗಿದೆ. ವೆಂಕಟರಾಮನ್ ಅವರು 1981ರ ಮೇ 12ರಂದು ನಿಧನರಾದರು.

ಪ್ರಭಾವ

ವೆಂಕಟರಾಮನ್ ಅವರ ಶಿಷ್ಯರಲ್ಲಿ ಬಿ. ಡಿ. ತಿಲಕ್ ಅವರು 1966ರಲ್ಲಿ ಗುರುವಿನ ನಂತರ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾದರು. ಪುಣೆಯಲ್ಲಿ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದ ಎ. ವಿ. ರಾಮರಾವ್ ಅವರು ಮುಂದೆ ಹೈದರಾಬಾದಿನಲ್ಲಿ ಔಷಧಗಳ ಸಂಶ್ಲೇಷಣೆಯ ಕ್ಷೇತ್ರದಲ್ಲಿ ಹೆಸರು ಗಳಿಸಿದರು.

ಬೇಕರ್–ವೆಂಕಟರಾಮನ್ ಪುನರ್ವಿನ್ಯಾಸವು ಸಾವಯವ ರಸಾಯನಶಾಸ್ತ್ರದ ಪಠ್ಯಗಳಲ್ಲಿ ಸ್ಥಾನ ಪಡೆದಿದ್ದು, ಫ್ಲೇವೋನ್ ಮತ್ತು ಕ್ರೋಮೋನ್ ಚೌಕಟ್ಟಿನ ಸಂಯುಕ್ತಗಳನ್ನು ತಯಾರಿಸಲು ಈಗಲೂ ಬಳಕೆಯಲ್ಲಿದೆ. ಸ್ಟಿಗ್ಮಾಟೆಲಿನ್ ಎಂಬ ಸೂಕ್ಷ್ಮಜೀವಿಜನ್ಯ ಸಂಯುಕ್ತದ ಪೂರ್ಣ ಸಂಶ್ಲೇಷಣೆಯಲ್ಲಿ ಕ್ರೋಮೋನ್ ಭಾಗವನ್ನು ಕಟ್ಟಲು ಈ ಕ್ರಿಯೆಯನ್ನು ಬಳಸಲಾಗಿದೆ. 1990ರ ದಶಕದಲ್ಲಿ ವಿಕ್ಟರ್ ಸ್ನೀಕಸ್ ಮತ್ತು ಸಂಗಡಿಗರು ಎಸ್ಟರಿನ ಬದಲು ಕಾರ್ಬಮೇಟನ್ನು ಬಳಸುವ ಅದರ ಒಂದು ರೂಪಾಂತರವನ್ನು ಅಭಿವೃದ್ಧಿಪಡಿಸಿ, ಅದರಿಂದ ಹೈಡ್ರಾಕ್ಸಿ ಕೂಮರಿನ್‌ಗಳನ್ನು ತಯಾರಿಸುವ ದಾರಿಯನ್ನು ತೋರಿಸಿದರು.